ಕೇಳಿದೆ ಅಂತ ಹೇಳು

ಆಲ್ಟನ್ ಪ್ರೂಯಿಟ್‌ಗೆ ಅರವತ್ತೇಳು ವರ್ಷ. ಮಿಸಿಸಿಪ್ಪಿಯ ಮೀನಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಮೀನಿನ ಚರ್ಮ ಸುಲಿದು ನಿವೃತ್ತನಾದವನು. ಹುಟ್ಟಿದಾಗಿನಿಂದ ಉಗ್ಗು. ಗುರುತಿಲ್ಲದವರೆದುರು ನಿಂತರಂತೂ ಮಾತು ಗಂಟಲಲ್ಲೇ ಕಚ್ಚಿಕೊಂಡುಬಿಡುತ್ತಿತ್ತು.

ಕರಿಯರ ಕಾರು ಅಂದಮೇಲೆ ವರ್ಷಕ್ಕೆ ಒಂದೆರಡು ಸಲ ಪೊಲೀಸರು ನಿಲ್ಲಿಸುವುದು ಇದ್ದದ್ದೇ. ಆಗೆಲ್ಲ ಮಾತಾಡುತ್ತಿದ್ದವಳು ಹೆಂಡತಿ ವರ್ನೆಲ್. ಇವನು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತಿರುವನು. ಅವಳು ಪಕ್ಕದ ಸೀಟಿನಿಂದ ಬಾಗಿ, "ಸಾರ್, ನಮ್ಮನೆಯವರಿಗೆ ಮಾತು ತೊಡರತ್ತೆ. ಏನಿದ್ರೂ ನನ್ನ ಕೇಳಿ" ಎಂದು ಜೇನಿನಂಥ ದನಿಯಲ್ಲಿ ಹೇಳುವಳು. ಕಿಟಕಿಯ ಗಾಜು ಮೇಲೇರಿತೋ, ಅದೇ ಬಾಯಲ್ಲಿ ಆ ಪೊಲೀಸನ ವಂಶವನ್ನೆಲ್ಲ ಜಾಲಾಡುವಳು. ಮನೆ ಮುಟ್ಟುವಷ್ಟರಲ್ಲಿ ಆಲ್ಟನ್‌ಗೆ ನಕ್ಕು ಸಾಕಾಗಿರುತ್ತಿತ್ತು.

ಮಾರ್ಚ್ ತಿಂಗಳಲ್ಲಿ ವರ್ನೆಲ್ ತೀರಿಕೊಂಡಳು.

ಜೂನ್‌ನ ಒಂದು ಮಧ್ಯಾಹ್ನ ಅವನು ಪೇಟೆಯಿಂದ ಅಡುಗೆಮನೆಯ ನಲ್ಲಿಗೆ ವಾಷರ್ ತರುತ್ತಿದ್ದಾಗ ಹಿಂದೆ ಪೊಲೀಸ್ ಕಾರಿನ ನೀಲಿ ದೀಪ ಮಿನುಗಿತು. ಹತ್ತಿ ಹೊಲದ ಪಕ್ಕಕ್ಕೆ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಗಾಜು ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟ. ಬಂದವನು ಬಿಳಿಯ ಹುಡುಗ, ಹೊಸಬ.

"ಸಾರ್, ನಿಮ್ಮ ಎಡಗಡೆ ಬ್ರೇಕ್ ದೀಪ ಹತ್ತುತ್ತಿಲ್ಲ. ಗೊತ್ತಾ?"

ಗೊತ್ತಿರಲಿಲ್ಲ. ಬ್ರೇಕ್ ದೀಪ ನೋಡಲು ಇಬ್ಬರು ಬೇಕು. ಒಬ್ಬರು ತುಳಿಯಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಿ ಹೇಳಬೇಕು. ಇಷ್ಟನ್ನು ಆಲ್ಟನ್ ಹೇಳಹೊರಟ. "ಬ... ಬ... ಬ..." ತುಟಿ ಬಿಗಿಯಿತು, ಕಣ್ಣು ಮುಚ್ಚಿಕೊಂಡವು, ಗದ್ದ ಅದುರಿತು.

"ಏನು ನಶೆ ತಗೊಂಡಿದ್ದೀರಿ?"

ಆಲ್ಟನ್ ತಲೆ ಅಲ್ಲಾಡಿಸಿದ. ಬಾಯಿ ತೋರಿಸೋಣವೆಂದು ಒಂದು ಕೈ ಎತ್ತಿದ.

"ಕೈ! ಕೈ ಅಲ್ಲೇ ಇರಲಿ! ಕುಡಿದಿದ್ದೀಯಾ? ಇಳಿ ಕೆಳಗೆ!"

ಜನ್ಮದಲ್ಲಿ ಹೆಂಡದ ರುಚಿ ನೋಡದವನನ್ನು ಅಮಲು ಪರೀಕ್ಷೆಗೆಂದು ಆ ಹುಡುಗ ರಸ್ತೆಯಂಚಿನ ಬಿಳಿ ಗೆರೆಯ ಮೇಲೆ ಒಂಬತ್ತು ಹೆಜ್ಜೆ ನಡೆಸಿದ. ವಾಲದೆ ನಡೆದದ್ದಕ್ಕೂ ಅವನಿಗೆ ಅನುಮಾನವೇ. ಚರ್ಚಿನವರ ಕಾರೊಂದು ನಿಧಾನಿಸಿ, ನೋಡಿ, ಹೋಯಿತು. ಅಷ್ಟರಲ್ಲಿ ಇನ್ನೊಂದು ಪೊಲೀಸ್ ಕಾರು ಬಂತು. ಅದರಿಂದ ಇಳಿದವನು ಹ್ಯಾಸ್ಕೆಲ್. ಅವನೂ ಬಿಳಿಯನೇ, ಆದರೆ ಊರಿನ ಹಳೆಯ ಪೊಲೀಸ್. ಹಿಂದೆ ಮೂರ್ನಾಲ್ಕು ಸಲ ಇವರನ್ನು ನಿಲ್ಲಿಸಿದವನು.

"ಅಯ್ಯೋ, ಬಿಡಪ್ಪ ಅವನನ್ನ. ಕುಡಿದಿಲ್ಲ ಗಿಡಿದಿಲ್ಲ, ಅವನಿಗೆ ಉಗ್ಗು," ಎಂದ ಹ್ಯಾಸ್ಕೆಲ್. ಆಲ್ಟನ್ ಕಡೆ ತಿರುಗಿ, "ಎಲ್ಲಪ್ಪ ನಿನ್ನ ವಕೀಲೆ? ಒಬ್ಬನೇ ಬಂದಿದ್ದೀಯ?" ಎಂದು ನಕ್ಕ.

ಆಲ್ಟನ್ ಬಾಯಿ ತೆರೆದ. "ತ... ತ... ತೀ..."

ಹ್ಯಾಸ್ಕೆಲ್‌ಗೆ ಕಾಯುವ ವ್ಯವಧಾನವಿರಲಿಲ್ಲ. ಆಗಲೇ ಹೆಗಲು ತಟ್ಟಿದ್ದ. "ಸರಿ ಸರಿ, ಹೊರಡು. ದೀಪ ಹಾಕಿಸ್ಕೋ. ವರ್ನೆಲ್‌ಗೆ ನಾನು ಕೇಳ್ದೆ ಅಂತ ಹೇಳು."

ಆಲ್ಟನ್ ತಲೆಯಾಡಿಸಿದ. ಆಗಲಿ ಎನ್ನುವ ಹಾಗೆ.

ಗೆರೆಯ ಮೇಲೆ ನಡೆದದ್ದು ಎರಡು ದಿನಕ್ಕೆ ಮಾಸಿತು. ಈ ತಲೆಯಾಡಿಸಿದ್ದು ಮಾತ್ರ ಮಾಸಲಿಲ್ಲ.

ಶನಿವಾರ ಕ್ಲೀಟಸ್‌ನ ಕ್ಷೌರದಂಗಡಿಯಲ್ಲಿ ಎಂದಿನ ಗುಂಪು ಸೇರಿತ್ತು. ಮಾತು ಪೊಲೀಸರ ಮೇಲೆ ಹೊರಳಿತು. ಒಬ್ಬನನ್ನು ಹೊಸ ಕಾರು ಕೊಂಡದ್ದಕ್ಕೆ ನಿಲ್ಲಿಸಿದ್ದರಂತೆ, ಇನ್ನೊಬ್ಬನನ್ನು ಹಳೇ ಕಾರು ಇಟ್ಟುಕೊಂಡದ್ದಕ್ಕೆ. ನಗುವೋ ನಗು. ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಶುರುಮಾಡುತ್ತಿದ್ದ. ಆಲ್ಟನ್ ಸಂದು ನೋಡಿ, "ನ... ನನ್ನನ್ನೂ..." ಎಂದ.

"ನಿನ್ನನ್ನೂ ಹಿಡಿದ್ರಾ? ದಂಡ ಜಡಿದ್ರಾ?" ಎಂದ ಕ್ಲೀಟಸ್.

"ಇ... ಇಲ್ಲ. ವ... ವ..."

"ವಾರೆಂಟ್ ಕೊಟ್ರಾ? ಇಷ್ಟು ಸಾಧುಮನುಷ್ಯನಿಗೆ! ನೋಡ್ರಪ್ಪ ಇವರ ಅನ್ಯಾಯ!" ಪಕ್ಕದವನು ತೊಡೆ ತಟ್ಟಿದ. ಎಲ್ಲರೂ ಆಲ್ಟನ್‌ನ ಪರವಾಗಿ ಚೆನ್ನಾಗಿ ಬೈದರು.

ಸೋಮವಾರ ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು ನೇರ ಪೊಲೀಸ್ ಠಾಣೆಗೆ ಹೋದ. ತಾನಾಗಿ ಅದರ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹ್ಯಾಸ್ಕೆಲ್ ಕಾಫಿ ಲೋಟ ಹಿಡಿದು ಒಳಕೋಣೆಯಿಂದ ಬಂದ. "ಏನಪ್ಪ, ದೂರು ಕೊಡಬೇಕಾ? ಆ ಹುಡುಗನ ಮೇಲಾ?"

ಆಲ್ಟನ್ ಇಲ್ಲವೆಂದು ತಲೆಯಾಡಿಸಿದ. ಮೇಜಿನ ಅಂಚು ಹಿಡಿದುಕೊಂಡ. "ವ... ವರ್ನೆಲ್..." ಹ್ಯಾಸ್ಕೆಲ್ ಏನೋ ಹೇಳಹೋದ. ಆಲ್ಟನ್ ಅಂಗೈ ಎತ್ತಿ ತಡೆದ. ಪೊಲೀಸನೊಬ್ಬನಿಗೆ ಅವನು ಕೈ ಅಡ್ಡ ಹಿಡಿದದ್ದು ಜೀವಮಾನದಲ್ಲಿ ಅದೊಂದೇ ಸಲ. ಹ್ಯಾಸ್ಕೆಲ್ ನಿಂತ. ಫ್ಯಾನು ತಿರುಗುತ್ತಿತ್ತು. ಬಹಳ ಹೊತ್ತಾಯಿತು.

"ತ... ತೀ... ತೀರ್ಕೊಂಡ್ಳು. ಮಾ... ಮಾರ್ಚಲ್ಲಿ."

ಹ್ಯಾಸ್ಕೆಲ್ ಲೋಟ ಕೆಳಗಿಟ್ಟ. "ನನಗೆ ಗೊತ್ತಿರಲಿಲ್ಲ ಆಲ್ಟನ್." ಆಮೇಲೆ, "ಗಟ್ಟಿ ಹೆಂಗಸು. ನನಗೇ ಭಯ ಆಗ್ತಿತ್ತು," ಎಂದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವನು ಅದನ್ನೊಮ್ಮೆ, ಇವನನ್ನೊಮ್ಮೆ ನೋಡಿ, ಕೊನೆಗೆ ಎತ್ತಿಕೊಂಡ.

ಆಲ್ಟನ್ ಮೆಟ್ಟಿಲಿಳಿದು ಕಾರಿನಲ್ಲಿ ಕೂತ. ಎದೆ ಕೊಂಚ ಹಗುರಾಗಿತ್ತು. ಹೋಗಲೇಬೇಕಾದ ಕಡೆ ಯಾವುದೂ ಇರಲಿಲ್ಲ. ಸ್ವಲ್ಪ ಹೊತ್ತು ರಸ್ತೆ ನೋಡುತ್ತಿದ್ದು, ಆಮೇಲೆ ಇಂಜಿನ್ ಶುರುಮಾಡಿದ.