ಐದೆಸಳಿನ ಲಂಗೋಟ

ದುರ್ಗದಬೈಲಿನ ಮಕಬೂಲಸಾಬ ಟೇಲರ್ ಅಂದರೆ ನಾನೇ. ನಲವತ್ತೊಂದು ವರ್ಷದಿಂದ ಹೆಂಗಸರ ಬ್ಲೌಜು, ಪರಕಾರ, ಮದುವೆ ಹುಡುಗಿಯರ ಶರಾರಾ ಹೊಲಿಯುತ್ತ ಬಂದವನು. ಹೊಲಿಗೆ ಬಿಚ್ಚಿತು ಅಂತ ಇವತ್ತಿನವರೆಗೆ ಒಬ್ಬರೂ ವಾಪಸ್ ಬಂದಿಲ್ಲ. ಬಂದವರೆಲ್ಲ ತಾವು ದಪ್ಪಗಾಗಿದ್ದಕ್ಕೆ ಬಂದವರು. ಇಂಥವನ ಕೈಗೆ ನಮ್ಮ ಸೊಸೆ ಹುಸ್ನಾ ಒಂದು ಮಧ್ಯಾಹ್ನ ಊಟದ ತಟ್ಟೆಯ ಪಕ್ಕದಲ್ಲೇ ಒಂದು ಲಂಗೋಟ ತಂದಿಟ್ಟಳು.

ಹೊಸದೇ, ಆನ್‌ಲೈನಿನಲ್ಲಿ ತರಿಸಿದ್ದು. ಮಗುವಿನ ಚೊಣ್ಣದ ಆಕಾರ, ಹೊರಗೆ ನೀರು ಹಿಡಿಯದ ಬಟ್ಟೆ, ಒಳಗೆ ನೀರು ಹೀರುವ ಮಡಿಕೆ. ಇಂಥವು ಎಂಟು ಬೇಕು, ಹೊಲಿದುಕೊಡ್ರಿ ಅಬ್ಬಾ ಅಂದಳು. ಹುಸ್ನಾ ವಿದ್ಯಾನಗರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಸುಮ್ಮನೆ ಏನನ್ನೂ ಹೇಳುವವಳಲ್ಲ. ಮೊಮ್ಮಗಳು ಮಿಸ್ಬಾಗೆ ಹದಿನೈದು ತಿಂಗಳು. ಹಗಲೂ ರಾತ್ರಿ ಡೈಪರ್ ಕಟ್ಟಿ ಕಟ್ಟಿ ಕೂಸಿನ ತೊಡೆಸಂದಿ ಕೆಂಪಗೆ ಸುಲಿದುಹೋಗಿತ್ತು. ಮುಲಾಮು ಎರಡು ಬದಲಾದರೂ ಕಡಿಮೆಯಾಗಿರಲಿಲ್ಲ. ಸ್ವಲ್ಪ ದಿನ ಡೈಪರ್ ಬಿಡಿಸಿ, ಅರಿವೆ ಕಟ್ಟಿ ಎಂದು ಡಾಕ್ಟರು ಹೇಳಿದ್ದರು. ನನ್ನ ಮಗ ರಿಯಾಜ ತಾರಿಹಾಳದ ಕಾರ್ಖಾನೆಯಿಂದ ಬಂದು, ಹೆಂಡತಿ ಹೇಳಿದ್ದಕ್ಕೆಲ್ಲ ತಲೆ ಆಡಿಸಿದ. ಅದು ಅವನಿಗೆ ನನ್ನಿಂದಲೇ ಬಂದ ಗುಣ.

ತಲೆ ಆಡಿಸದೆ ಕೂತವಳು ಒಬ್ಬಳೇ, ನನ್ನ ಹೆಂಡತಿ ಶಹಜಹಾನಬೇಗಂ. ಒಗೆಯುವುದಕ್ಕೆ ಅವಳು ಅಂಜುವ ಹೆಂಗಸಲ್ಲ. ಮೂರು ಮಕ್ಕಳ ಲಂಗೋಟವನ್ನು ಬಚ್ಚಲ ಕಲ್ಲಿನ ಮೇಲೆ ಕುಕ್ಕಿ ಒಗೆದವಳು. ಅವಳ ಚಿಂತೆ ನಮಾಜಿನದು. ನಮಾಜಿಗೆ ಉಟ್ಟ ಬಟ್ಟೆ ಪಾಕ್ ಇರಬೇಕು, ಕೂಸಿನ ಉಚ್ಚೆ ಒಂದು ಹನಿ ತಾಗಿದರೂ ಸೀರೆ ಬದಲಿಸಬೇಕು, ಮೈ ತೊಳೆಯಬೇಕು. ತನ್ನ ಮಕ್ಕಳು ಸಣ್ಣವರಿದ್ದಾಗ ಐದು ಹೊತ್ತಿಗೂ ಅವರನ್ನು ದೂರ ಇಟ್ಟೇ ನಿಂತವಳು ಅವಳು. ಮೊಮ್ಮಗಳ ಕಾಲಕ್ಕೆ ಡೈಪರ್ ಬಂತು, ದೂರ ಇಡುವ ಕೆಲಸ ತಪ್ಪಿತು.

ಆಮೇಲೆ ನಮ್ಮ ಮನೆಯಲ್ಲಿ ಒಂದು ರೂಢಿಯೇ ಬಿದ್ದಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳುತ್ತಲೇ ಬೇಗಂ ಒಳಕೋಣೆಯಲ್ಲಿ ನಮಾಜಿನ ಚಾಪೆ, ಜಾನಮಾಜ, ಹಾಸುತ್ತಾಳೆ. ಮಸೀದಿಯಲ್ಲಿ ಎಲ್ಲರೂ ಕೂಡಿ ನಿಲ್ಲುವ ಜಮಾತಿಗೆ ಇನ್ನೂ ಹದಿನೈದು ನಿಮಿಷ ಇರುವುದರಿಂದ ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿರುತ್ತೇನೆ. ಅವಳು ನೆಲಕ್ಕೆ ಹಣೆ ಹಚ್ಚಿ ಸಜ್ದಾಕ್ಕೆ ಹೋದಳೋ ಇಲ್ಲವೋ, ಮಿಸ್ಬಾ ಓಡಿಹೋಗಿ ಅವಳ ಬೆನ್ನ ಮೇಲೆ ಕುದುರೆ ಏರಿದಂತೆ ಕೂರುತ್ತಾಳೆ. ಎರಡೂ ಕೈಯಲ್ಲಿ ಕುತ್ತಿಗೆ ತಬ್ಬಿ ಕೆನ್ನೆ ಒರಗಿಸುತ್ತಾಳೆ. ಕೂಸು ತಾನಾಗಿ ಇಳಿಯುವವರೆಗೆ ಬೇಗಂ ತಲೆ ಎತ್ತುವುದಿಲ್ಲ. ಮೊಣಕಾಲು ನೋವಿನ ಹೆಂಗಸು, ನನಗೆ ಒಂದು ಲೋಟ ನೀರು ಕೊಡಲು ಬಗ್ಗಬೇಕಾದರೆ ನಾಲ್ಕು ಸಲ ಅಬ್ಬಾ ಅಮ್ಮಾ ಅನ್ನುವವಳು, ಅಲ್ಲಿ ಮಾತ್ರ ಅಷ್ಟು ಹೊತ್ತು ಹಾಗೇ ಇರುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಅರಿವೆ ಕಟ್ಟಿದರೆ ಇದೆಲ್ಲ ನಿಲ್ಲುತ್ತದೆ ಎಂದು ಅವಳಿಗೆ ಭಯ. ಆದರೂ ಕೂಸಿನ ಮೈ ನೋಡಿ, ಬೇಡ ಅನ್ನಲಿಲ್ಲ. ನಾನೇ ಎದೆ ಉಬ್ಬಿಸಿ ಹೇಳಿದೆ, "ನಾ ಹೊಲಿದದ್ದು ಸೋರೂದಿಲ್ಲ. ನೀ ಹೆಂಗ ನಮಾಜು ಮಾಡ್ತಿದ್ದಿ ಹಂಗ ಮಾಡು."

ಸ್ಕೂಲ್ ಬ್ಯಾಗು, ರೇನ್‌ಕೋಟು ಹೊಲಿಯುವ ಗುಲಾಬಸಾಬ ನಮ್ಮ ಓಣಿಯವನೇ. ಅವನ ಹತ್ತಿರ ತೆಳ್ಳಗಿನ ರೇನ್‌ಕೋಟ್ ಬಟ್ಟೆ ತಂದೆ. ಒಳಗಿನ ಮಡಿಕೆಗೆ ನನ್ನ ಹಳೆಯ ಲುಂಗಿಗಳನ್ನೇ ಕತ್ತರಿಸಿದೆ, ಒಗೆದು ಒಗೆದು ಹತ್ತಿಯ ಹಾಗೆ ಮೆತ್ತಗಾಗಿದ್ದವು. ತೊಡೆಗೆ ಇಲಾಸ್ಟಿಕ್ ಕೊಟ್ಟೆ. ಎರಡು ದಿನ ಗಿರಾಕಿಗಳ ಬ್ಲೌಜು ಬದಿಗಿಟ್ಟು ಎಂಟು ಹೊಲಿದೆ. ಮುಗಿಸಿ ಕೈಯಲ್ಲಿ ಹಿಡಿದು ನೋಡಿದರೆ ಬರೀ ಲಂಗೋಟ. ಮಕಬೂಲಸಾಬನ ಕೈಯಿಂದ ಬಂದದ್ದು ಅಂತ ಯಾರಿಗೆ ಗೊತ್ತಾಗಬೇಕು? ಕೂಸು ನಡೆದಾಡುವಾಗ ಹಿಂದಿನಿಂದ ಕಾಣಲಿ ಎಂದು ಎಂಟಕ್ಕೂ ಸರಿಯಾಗಿ ಕುಂಡಿಯ ಮೇಲೆ ಕೆಂಪು ರೇಷ್ಮೆ ದಾರದಲ್ಲಿ ಐದೆಸಳಿನ ಹೂ ಹಾಕಿದೆ.

ಮನೆಯಲ್ಲಿ ಎಲ್ಲರೂ ಸುತ್ತ ನಿಂತು ನೋಡಿದರು. ಮಿಸ್ಬಾ ಪಡಸಾಲೆಯ ತುಂಬ ಹೂ ಕುಣಿಸುತ್ತ ಓಡಾಡಿದಳು. ಬೇಗಂ ಒಂದನ್ನು ಕೈಗೆತ್ತಿಕೊಂಡು ಹೂವಿನ ಮೇಲೆ ಬೆರಳಾಡಿಸಿ, ಛಲೋ ಆಗೇತಿ ಅಂದಳು. ಮದುವೆಯಾದಾಗಿನಿಂದ ನನ್ನ ಹೊಲಿಗೆಯ ಬಗ್ಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಆ ದಿನ ಮಸೀದಿಗೆ ಹೋಗುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮರುದಿನ ಅಸರ್ ಹೊತ್ತಿಗೆ ಮಿಸ್ಬಾ ಎಂದಿನಂತೆ ಬೆನ್ನೇರಿದಳು. ಸ್ವಲ್ಪ ಹೊತ್ತಿಗೆ ಬೇಗಂ ನಮಾಜು ಬಿಟ್ಟು ಎದ್ದು ಕೂಸನ್ನು ನನ್ನ ಕೈಗೆ ಕೊಟ್ಟಳು. ಸೀರೆಯ ಬೆನ್ನು ಒದ್ದೆಯಾಗಿತ್ತು. ಬಚ್ಚಲಿಗೆ ಹೋಗಿ ಮೈ ತೊಳೆದು, ಬೇರೆ ಸೀರೆ ಉಟ್ಟು, ಮತ್ತೆ ಮೊದಲಿನಿಂದ ನಿಂತಳು. ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನ ಮಧ್ಯಾಹ್ನ ಒಂದು ಸಲ, ಅಸರಿಗೆ ಒಂದು ಸಲ. ನಾಲ್ಕನೆಯ ದಿನ ಬೇಗಂ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಕೂಸಿಗೆ ಏನು ತಿಳಿಯಬೇಕು? ಬಾಗಿಲ ಮುಂದೆ ನಿಂತು ಅಂಗೈಯಿಂದ ಬಡಿಯಿತು. ಅಜ್ಜಿಯನ್ನು ದಾದಿ ಅನ್ನಲು ಇನ್ನೂ ಬರುತ್ತಿರಲಿಲ್ಲ, ದಾ ದಾ ಅನ್ನುತ್ತಿತ್ತು. ಮೊದಲು ನಗುತ್ತ, ಆಮೇಲೆ ಅಳುತ್ತ. ನಾನು ಎತ್ತಿಕೊಂಡರೆ ನನ್ನ ಗಡ್ಡ ಹಿಡಿದು ಎಳೆಯಿತು. ನಮಾಜು ಮುಗಿಸಿ ಹೊರಬಂದ ಬೇಗಮ್ಮಳ ಕಣ್ಣು ಕೆಂಪಾಗಿತ್ತು. ಹೀಗೇ ದಿನವೂ ನಡೆಯಿತು.

ಇತ್ತ ಕೂಸಿನ ತೊಡೆ ಮಾತ್ರ ದಿನೇ ದಿನೇ ಮಾಯುತ್ತಿತ್ತು. ಹುಸ್ನಾ ಅತ್ತೆಯ ಮುಖ ನೋಡಲಾರದೆ, ಹಗಲು ಹೊತ್ತು ಡೈಪರನ್ನೇ ಕಟ್ಟೋಣ ಅಮ್ಮಾ ಅಂದಳು. ಬೇಗಂ ಒಪ್ಪಲಿಲ್ಲ. ಚರ್ಮ ಸುಲಿದುಕೊಂಡು ಕೂಸು ನನ್ನ ಬೆನ್ನೇರಬೇಕೇನು ಅಂತ ಕೇಳಿ ಬಾಯಿ ಮುಚ್ಚಿಸಿದಳು. ಇಬ್ಬರೂ ಒಳ್ಳೆಯವರು, ತಪ್ಪು ಹುಡುಕುವುದಕ್ಕೆ ಜಾಗವೇ ಇರಲಿಲ್ಲ.

ನನಗೆ ಮಾತ್ರ ಜಾಗ ಬೇಕಾದಷ್ಟು ಸಿಕ್ಕಿತು. ರಿಯಾಜ ಸಡಿಲ ಕಟ್ಟುತ್ತಾನೆ ಎಂದೆ. ಹುಸ್ನಾ ಮಡಿಕೆ ಸರಿಯಾಗಿ ಇಡುವುದಿಲ್ಲ ಎಂದೆ. ಕೂಸು ನೀರು ಬಹಳ ಕುಡಿಯುತ್ತದೆ ಎಂದೂ ಅಂದೆ. ಕೊನೆಗೆ, ಬಟ್ಟೆಯಲ್ಲೇ ಮೋಸ ಇದೆ ಎಂದು ಗೊತ್ತು ಮಾಡಿಕೊಂಡು, ಒಂದು ಲಂಗೋಟ ಚೀಲಕ್ಕೆ ಹಾಕಿಕೊಂಡು ಗುಲಾಬಸಾಬನ ಅಂಗಡಿಗೆ ಜಗಳಕ್ಕೆ ಹೋದೆ.

ಗುಲಾಬಸಾಬ ನನ್ನ ಬೈಗುಳವನ್ನೆಲ್ಲ ಕೊನೆಯವರೆಗೆ ಕೇಳಿದ. ಆಮೇಲೆ ಒಳಗಿನ ಲುಂಗಿಯ ಮಡಿಕೆ ತೆಗೆದು, ಲಂಗೋಟವನ್ನು ಜೋಳಿಗೆಯಂತೆ ಹಿಡಿದು ಅದರಲ್ಲಿ ಅರ್ಧ ತಂಬಿಗೆ ನೀರು ಸುರಿದ. ಬಟ್ಟೆ ಹೊರಗಿನಿಂದ ಒಣಗಿಯೇ ಇತ್ತು. ಹೂವಿನ ಐದೂ ಎಸಳಿನ ಉದ್ದಕ್ಕೆ, ನಾನು ಸೂಜಿ ಆಡಿಸಿದ ಸಾಲಿನಲ್ಲೇ, ಹನಿ ಹನಿ ಮೂಡಿ ಕೆಳಗೆ ಬಿತ್ತು.

"ನನ್ನ ಬಟ್ಟಿ ಸೋರೂದಿಲ್ಲ ಮಕಬೂಲ," ಎಂದ. "ನೀ ಎಲ್ಲೆಲ್ಲಿ ತೂತು ಮಾಡೀದಿ ಅಲ್ಲೆಲ್ಲಾ ಸೋರಾಕತ್ತೈತಿ. ರೇನ್‌ಕೋಟಿನ ಬೆನ್ನಿನ ಮ್ಯಾಲೆ ಯಾವನರ ಹೂ ಹಾಕ್ತಾನೇನೋ?"

ನನ್ನ ಶೋಕಿಗೆ ಆ ಕೂಸು ದಿನವೂ ಬಾಗಿಲು ಬಡಿದು ಅತ್ತಿತ್ತು. ಅಂಗಡಿಗೆ ಬಂದು ಒಂದರ ದಾರ ಬಿಚ್ಚಿ ಬೆಳಕಿಗೆ ಹಿಡಿದೆ. ದಾರ ಹೋಗಿತ್ತು, ತೂತುಗಳು ಅಲ್ಲೇ ಇದ್ದವು. ಎಂಟನ್ನೂ ಬದಿಗೆ ಹಾಕಿದೆ. ಗುಲಾಬಸಾಬನ ಹತ್ತಿರ ಮತ್ತೆ ಬಟ್ಟೆ ಬೇಡಿ ತಂದು, ಈ ಸಲ ಒಂದೇ ತುಂಡಿನಲ್ಲಿ ಕತ್ತರಿಸಿದೆ. ಕೆಳಗೆ ಎಲ್ಲಿಯೂ ಜೋಡು ಬರದ ಹಾಗೆ, ಅಂಚು ಬಿಟ್ಟರೆ ಸೂಜಿಯೇ ತಾಗದ ಹಾಗೆ ಹೊಲಿದೆ. ಬೂದಿ ಬಣ್ಣದ ಬೋಳು ಲಂಗೋಟಗಳು. ಅಷ್ಟು ಕುರೂಪದ ಹೊಲಿಗೆ ನನ್ನ ಮಷಿನ್ನಿನಿಂದ ಯಾವತ್ತೂ ಬಂದಿರಲಿಲ್ಲ. ಒಂದೊಂದಕ್ಕೂ ತಂಬಿಗೆ ನೀರು ಸುರಿದು ನೋಡಿ ಮನೆಗೆ ತಂದೆ.

ಬಟ್ಟೆ ಬದಲಾಗೇತಿ, ಇನ್ನು ಸೋರೂದಿಲ್ಲ ಎಂದಷ್ಟೇ ಬೇಗಮ್ಮಳಿಗೆ ಹೇಳಿದೆ. ಅವಳು ಹೂವಿಲ್ಲದ ಜಾಗ ನೋಡಿದಳು, ನನ್ನ ಮುಖ ನೋಡಿದಳು. ನಲವತ್ತು ವರ್ಷ ಒಟ್ಟಿಗಿದ್ದವಳು, ಕೇಳುವ ಅಗತ್ಯವೇ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಕೂಸನ್ನು ತಾಸುಗಟ್ಟಲೆ ತೊಡೆಯ ಮೇಲೆ ಕೂರಿಸಿಕೊಂಡು ಆಗಾಗ ಅಂಗೈಯಿಂದ ಮುಟ್ಟಿ ನೋಡಿದಳು. ಒಣಗಿಯೇ ಇತ್ತು. ಅಸರ್ ಹೊತ್ತಿಗೆ ಜಾನಮಾಜ ಹಾಸಿ ಬಾಗಿಲು ಪೂರಾ ತೆರೆದಿಟ್ಟಳು.

ಮಿಸ್ಬಾ ಬರಲಿಲ್ಲ.

ಅಷ್ಟು ದಿನದಲ್ಲಿ ಕೂಸು ಪಾಠ ಕಲಿತುಬಿಟ್ಟಿತ್ತು. ದಾದಿ ಜಾನಮಾಜ ಕೈಗೆತ್ತಿಕೊಂಡದ್ದು ಕಂಡದ್ದೇ ತಡ, ತಾನೇ ತಿರುಗಿ ಪಡಸಾಲೆಯ ಮೂಲೆಗೆ ನಡೆದು, ಗೋಡೆಗೆ ಬೆನ್ನು ಹಚ್ಚಿ ಕೂತು ನನ್ನ ದಾರದ ರೀಲು ಉರುಳಿಸತೊಡಗಿತು. ಅಳಲೂ ಇಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಒಳಗೆ ಬೇಗಂ ಸಜ್ದಾಕ್ಕೆ ಹೋದಳು. ತಲೆ ಎತ್ತುವ ಹೊತ್ತು ಮೀರಿತು, ಎತ್ತಲಿಲ್ಲ. ಕಾಯುತ್ತಿದ್ದಾಳೆ ಅಂತ ನನಗೆ ಆಗ ಹೊಳೆಯಿತು. ನಮಾಜಿನಲ್ಲಿ ಕರೆಯುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ. ಬೆನ್ನು ಕೊಟ್ಟು ಕಾಯಬಹುದು, ಅಷ್ಟೇ. ನಾನು ಕೂಸಿನ ಹತ್ತಿರ ಕೂತು ಕಿವಿಯಲ್ಲಿ, ಹೋಗವ್ವಾ, ದಾದಿ ಕುದುರಿ ಆಗ್ಯಾಳ ನೋಡು ಅಂದೆ. ಅದು ತಲೆ ಅಲ್ಲಾಡಿಸಿ ರೀಲನ್ನು ನನ್ನ ಕೈಗೆ ಕೊಟ್ಟಿತು. ಆ ದಿನ ನನ್ನ ಚಹಾ ಆರಿತು, ಜಮಾತೂ ತಪ್ಪಿತು. ಮರುದಿನವೂ ಕೂಸು ಬರಲಿಲ್ಲ. ಬೇಗಂ ಊಟ ಕಡಿಮೆ ಮಾಡಿದಳು, ಹುಸ್ನಾ ಕೇಳಿದರೆ ಹಲ್ಲು ನೋವು ಅಂದಳು.

ಮೂರನೆಯ ದಿನ, ಅಸರ್ ನಮಾಜಿನ ಕೊನೆಯ ಸಜ್ದಾ. ಅವಳು ಎಷ್ಟು ಹೊತ್ತು ಇದ್ದಳೋ, ಮೊಣಕಾಲು ನಡುಗುತ್ತಿದ್ದದ್ದು ನನಗೆ ಹೊರಗಿನಿಂದಲೇ ಕಾಣುತ್ತಿತ್ತು. ಮಿಸ್ಬಾ ರೀಲು ಬಿಟ್ಟು ಎದ್ದಳು. ಹೊಸ್ತಿಲವರೆಗೆ ಹೋಗಿ ನಿಂತು ಒಳಗೆ ಬಗ್ಗಿ ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಆಮೇಲೆ ಒಂದೇ ಓಟಕ್ಕೆ ಹೋಗಿ ಬೆನ್ನ ಮೇಲೆ ಬಿದ್ದು ಎರಡೂ ಕೈಯಿಂದ ಕುತ್ತಿಗೆ ತಬ್ಬಿದಳು. ಬೇಗಮ್ಮಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಳು. ನಾನೂ ಅತ್ತೆ.

ಕೂಸು ಇಳಿದ ಮೇಲೆ ಅವಳು ಕೂತು ನಮಾಜು ಮುಗಿಸಿ ಎರಡೂ ಕಡೆ ಮುಖ ತಿರುಗಿಸಿ ಸಲಾಂ ಹೇಳಿದಳು, ಮಿಸ್ಬಾಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ನಾನು ಒಳಗೆ ಹೋದೆ. ನನ್ನ ಕಣ್ಣು ಮೊದಲು ಬಿದ್ದದ್ದು ಸೀರೆಯ ಮೇಲೆ. ಬೆನ್ನಿನ ಕೆಳಗೆ ಒಂದು ಅಂಗೈಯಷ್ಟು ಒದ್ದೆ. ಬುಡದಲ್ಲಿ ಸೋರಿರಲಿಲ್ಲ, ತೊಡೆಯ ಇಲಾಸ್ಟಿಕ್ ಸಡಿಲಾಗಿ ಪಕ್ಕದಿಂದ ಇಳಿದಿತ್ತು. ನನಗೆ ಭೂಮಿಗೆ ಇಳಿದುಹೋದಂತಾಯಿತು. ಇನ್ನು ಮತ್ತೆ ಚಿಲಕ ಬೀಳುತ್ತದೆ ಎಂದುಕೊಂಡೆ. ಇವತ್ತೇ ಇಲಾಸ್ಟಿಕ್ ಬಿಗಿ ಮಾಡುತ್ತೇನೆ, ನಾಳೆಯಿಂದ ಹೀಗಾಗುವುದಿಲ್ಲ ಎಂದು ಏನೇನೋ ಹೇಳತೊಡಗಿದೆ.

"ಇರಲಿ ಬಿಡ್ರಿ," ಅಂದಳು ಬೇಗಂ. "ಹೊತ್ತು ಮುಳುಗಾಕ ಇನ್ನೂ ಟೈಮ್ ಐತಿ. ಸೀರಿ ಬದಲಿ ಮಾಡಿ ಮತ್ತ ನಾಕು ರಕಾತ್ ಮಾಡ್ತೇನಿ. ನಮಾಜು ಮತ್ತ ಮಾಡಬಹುದು. ಇಕಿ ಬರೂದು ನಿಂತೇ ಹೋಗಿದ್ರ ನಾ ಎಲ್ಲಿಂದ ತರ್ತಿದ್ದೆ?"

ಕೂಸಿನ ಲಂಗೋಟದ ಅಂಚು ಸರಿಮಾಡುತ್ತ ಮತ್ತೆ ಹೇಳಿದಳು, "ಸೋರಿದ್ದು ನಿಮ್ಮ ಲಂಗೋಟ. ಚಿಲಕ ಹಾಕಿದಾಕಿ ನಾ."

ನಾನು ಇಷ್ಟು ದಿನ ಹನಿ ನಿಲ್ಲಿಸುವುದೊಂದನ್ನೇ ನೋಡುತ್ತಿದ್ದೆ. ಬಿಸಿನೀರು ಇಡಲೇನು ಎಂದು ಕೇಳಿದೆ. ಇಡ್ರಿ ಎಂದಳು. ಎಂದವಳು ಏಳಲಿಲ್ಲ. ನೀರು ಕಾಯುವವರೆಗೂ ಆ ಒದ್ದೆ ಸೀರೆಯಲ್ಲೇ ಕೂತು, ಕೂಸಿನ ಹಣೆಯ ಕೂದಲನ್ನು ಹಿಂದಕ್ಕೆ ಸವರುತ್ತಿದ್ದಳು.