ದಿಂಬಿನ ಮೂಲೆ

ಸತ್ತು ಮಲಗಿದ ಗಂಡನ ತಲೆಯಡಿಯ ದಿಂಬನ್ನು ಸರಿಪಡಿಸುತ್ತಿದ್ದವಳು ತಲೆಯೆತ್ತಿದಳು. ಬಾಗಿಲಲ್ಲಿ ಗುರುತಿಲ್ಲದ ಹೆಂಗಸು. ನಲವತ್ತರ ಆಸುಪಾಸು, ಲಕ್ಷಣವಾಗಿದ್ದಳು, ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಯಾರಕ್ಕಾ ಇವಳು? ನಿನಗಿಂತ ಜಾಸ್ತಿ ಅಳ್ತಿದ್ದಾಳಲ್ಲ!" ತಂಗಿ ಕಿವಿಯಲ್ಲಿ ಉಸುರಿದಳು. ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ತಂಗಿಯದು ಎತ್ತಿದ ಕೈ.

ಅಕ್ಕ ನೋಡುತ್ತಿದ್ದುದು ಆ ಹೆಂಗಸಿನ ಬಲಗೈಯನ್ನು. ಬೆರಳುಗಳು ಮೆಲ್ಲಗೆ ಮುಚ್ಚುತ್ತಿದ್ದವು, ತೆರೆಯುತ್ತಿದ್ದವು, ತುಸು ತಡೆದು ಮತ್ತೆ ಮುಚ್ಚುತ್ತಿದ್ದವು. ಅಕ್ಕನಿಗೆ ಆ ಕೈಯಾಟ ಗುರುತಿತ್ತು.

*

ಮದುವೆಯಾದ ಹೊಸತರಿಂದಲೂ ಅವನು ನಿದ್ದೆಯಲ್ಲಿ ದಿಂಬಿನ ಮೂಲೆ ಹಿಚುಕುತ್ತಿದ್ದ. ಗಟ್ಟಿಯಾಗಿ ಅಲ್ಲ, ಯಾರದೋ ಕೈ ಅದುಮಿದ ಹಾಗೆ. ಹಿಚುಕಿ ಕಾಯುತ್ತಿದ್ದ. ಕೇಳಿದರೆ, "ಕೆಲಸದ ಅಭ್ಯಾಸ ಕಣೇ" ಎಂದು ಮಗ್ಗುಲಾಗುತ್ತಿದ್ದ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಯಂತ್ರದ ಪಕ್ಕ ನಿಲ್ಲುವವನಿಗೆ ಹಿಚುಕುವ ಕೆಲಸ ಎಲ್ಲಿಂದ ಬಂತು? ನಂಬಲು ಅವಳೇನು ಕಿವಿಗೆ ಹೂವಿಟ್ಟುಕೊಂಡಿರಲಿಲ್ಲ. ಒಮ್ಮೆ ರೇಗಿ ದಿಂಬನ್ನೇ ಕಿತ್ತೆಸೆದಳು. ಅವನು ಬೆವೆತು ಎದ್ದು ಕೂತ.

"ಕೊಡೇ ಅದನ್ನ! ಅವಳು... ಅವಳು..."

ಆ 'ಅವಳು' ಅಂದಿನಿಂದ ಮನೆ ಬಿಟ್ಟು ಹೋಗಲೇ ಇಲ್ಲ.

*

"ಇಲ್ಲಿ ಬಾರಮ್ಮ. ಈ ಕೈಯಾಟ ಯಾರ ಹತ್ರ ಕಲಿತೆ?" ಅಕ್ಕ ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಕೆ ಥಟ್ಟನೆ ಕೈಯನ್ನು ಹಿಂದಕ್ಕೆ ಅಡಗಿಸಿಕೊಂಡಳು. ತಂಗಿ ಅಕ್ಕನನ್ನು ಮೊಣಕೈಯಲ್ಲಿ ತಿವಿದಳು.

"ಅಣ್ಣನೇ ಕಲಿಸಿದ್ದು. ನಾನು ಅವರ ಆಸ್ಪತ್ರೇಲೇ ನರ್ಸು. ನಮ್ಮ ಥಿಯೇಟರಲ್ಲಿ ಎಲ್ರಿಗೂ ಅಂಟ್ಕೊಂಡಿದೆ, ಡಾಕ್ಟರನ್ನೇ ನೋಡಿ."

ಗೋಡೆಗೊರಗಿ ನಿಂತಿದ್ದ ದಪ್ಪ ಡಾಕ್ಟರರ ಬೆರಳುಗಳೂ ಖಾಲಿ ಗಾಳಿಯನ್ನು ಹಿಚುಕುತ್ತಿದ್ದವು.

"ಯಂತ್ರಕ್ಕೆ ಒಂದು ರಬ್ಬರ್ ಚೀಲ ಇರತ್ತಮ್ಮ," ಎಂದಳು ನರ್ಸು. "ಪ್ರಜ್ಞೆ ತಪ್ಪಿಸಿದೋರಿಗೆ ಅದನ್ನ ಹಿಚುಕಿ ನಾವೇ ಉಸಿರು ಕೊಡೋದು. ಆಪರೇಷನ್ ಮುಗಿದ್ಮೇಲೆ ಹಿಚುಕಿ ಕಾಯ್ಬೇಕು. ಅವರದೇ ಉಸಿರು ವಾಪಸ್ ಬಂದ್ರೆ ಚೀಲ ಅಂಗೈಯಲ್ಲೇ ಮೆಲ್ಲಗೆ ಜಗ್ಗತ್ತೆ." ಆಕೆ ಮೂಗೊರೆಸಿಕೊಂಡಳು. "ಅಣ್ಣ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿಗೆ ಎಷ್ಟು ಕಾದ್ರೂ ಬರಲೇ ಇಲ್ವಂತೆ."

"ನನಗೆ ಯಾಕೆ ಹೇಳ್ಲಿಲ್ಲ?"

ಸತ್ತ ಹುಡುಗಿಯೊಬ್ಬಳ ಮೇಲೆ ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಅಕ್ಕನಿಗೆ ನಾಚಿಕೆಯಾಯಿತು, ಗಂಡನ ಮೇಲೆ ಸಿಟ್ಟೂ ಬಂತು.

ಹೊರಗೆ ವ್ಯಾನು ಬಂದು ನಿಂತಿತು.

"ಎತ್ತೋಣ್ವಾ?" ಡಾಕ್ಟರು ಕೇಳಿದರು.

"ಸ್ವಲ್ಪ ತಡೀರಿ."

ಅವಳು ಗಂಡನ ತಣ್ಣಗಾದ ಕೈಯನ್ನು ಹಿಡಿದುಕೊಂಡಳು. ಮೆಲ್ಲಗೆ ಹಿಚುಕಿದಳು. ಕಾದಳು. ಮತ್ತೊಮ್ಮೆ ಹಿಚುಕಿ, ಕಾದಳು.