ಇನ್ನೂ ಸ್ವಲ್ಪ ಟ್ರೆಬಲ್

"ಹುಷಾರು ಮಾವ, ಅಡಿಯಿಂದ ಹಿಡ್ಕೊಳ್ಳಿ, ಮೇಲಿನ ತಗಡು ಕಳಚಿಕೊಳ್ಳತ್ತೆ," ಎನ್ನುತ್ತಲೇ ಮಗಳು ಆಂಪ್ಲಿಫೈಯರಿನ ಇನ್ನೊಂದು ಬದಿಗೆ ಕೈ ಹಾಕಿದಳು. ಬೆಳಿಗ್ಗೆ ಆಸ್ಪತ್ರೆಯಿಂದ ಅಪ್ಪನ ದೇಹ ತಂದು ನಡುಮನೆಯಲ್ಲಿ ಮಲಗಿಸಿದ್ದಾಗಿತ್ತು. ಬಂದವರಿಗೆ ಕೂರಲು ಜಾಗವಿರಲಿಲ್ಲ. ಗೋಡೆಯುದ್ದಕ್ಕೂ ಅಪ್ಪ ತಾವೇ ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿದ ಪೆಟ್ಟಿಗೆಗಳು.

"ಏನಮ್ಮಾ ಇದು, ಕಲ್ಲು ತುಂಬಿದಾರಾ ನಿಮ್ಮಪ್ಪ?" ಮಾವ ಏದುಸಿರು ಬಿಟ್ಟರು.

"ಟ್ರಾನ್ಸ್‌ಫಾರ್ಮರ್. ಅವರೇ ಸುತ್ತಿದ್ದು."

ಗೋಡೆಗೊರಗಿದ್ದ ಅಮ್ಮ ತಲೆಯೆತ್ತದೆ ಹೇಳಿದರು. "ಗುಜರಿಗೆ ಹಾಕಿ. ಹತ್ತು ವರ್ಷ ಅದಕ್ಕೇ ಕಿವಿ ಕೊಟ್ಟು ಕೂತಿದ್ರು. ಬೀದೀಲಿ ಲಾರಿ ಹೋದ್ರೆ ಕೇಳೋದು, ಮೈಕಣ್ಣ ಬಂದ್ರೆ ಕೇಳೋದು. ನನ್ನ ಮಾತು ಮಾತ್ರ ಕೇಳ್ತಿರ್ಲಿಲ್ಲ. ಒಂದು ಉತ್ತರ ಕೊಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?"

ಮಗಳು ತನ್ನ ಬದಿಯನ್ನು ಎತ್ತಿ ಬಾಗಿಲ ಕಡೆ ಹೆಜ್ಜೆಯಿಟ್ಟಳು.

ಅಷ್ಟರಲ್ಲಿ ಮೈಕಣ್ಣನೇ ಬಂದರು. ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಅಪ್ಪನ ಜೊತೆ ಮೂವತ್ತು ವರ್ಷ ಪಾಳಿ ಮಾಡಿದವರು. ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಮುಟ್ಟಿಸುವ ಗಂಟಲು. ಅಪ್ಪನ ಕಾಲ ಬಳಿ ಒಂದು ಗಳಿಗೆ ನಿಂತು, ಕಣ್ಣೊರೆಸಿಕೊಂಡು, ತಿರುಗಿ ನೋಡಿದರು.

"ಅದನ್ನ ಎಲ್ಲಿಗೆ ಹೊತ್ಕೊಂಡು ಹೊರಟ್ರಿ? ಇಳಿಸಿ. ಹೋದ ವಾರ ನನ್ನ ಕರೆಸಿ ಕೇಳಿಸಿದ. ಕೊನೆಗೂ ಸರಿಹೋಯ್ತು ಕಣೋ ಅಂದ. ಗಾಡಿ ಬರೋದಕ್ಕೆ ಇನ್ನೂ ಹೊತ್ತಿದೆ. ಒಂದು ಹಾಡು ಹಾಕೋಣ, ಅತ್ತಿಗೆ ಹಾಡಿದ್ದು."

"ಬೇಡ," ಎಂದಳು ಮಗಳು. ತೀರಾ ಬೇಗ ಅಂದುಬಿಟ್ಟಳು. ಎಲ್ಲರೂ ಅವಳತ್ತ ನೋಡಿದರು.

* * *

ಆರು ವರ್ಷದ ಹಿಂದೆ, ಒಂದು ಭಾನುವಾರದ ಮಧ್ಯಾಹ್ನ. ಅಪ್ಪ ಆಂಪ್ಲಿಫೈಯರಿಗೆ ಮುಂಚೆ ದನಿ ತಿದ್ದುವ ಪ್ರಿಆಂಪಿನ ಹೊಟ್ಟೆ ಬಿಚ್ಚಿ ಮೇಜಿನ ಮೇಲೆ ಹರಡಿದ್ದರು. ಮದುವೆಯಾದ ಹೊಸತರಲ್ಲಿ ಅಮ್ಮ ಹಾಡಿದ್ದನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದರು. ಏನೇ ಹೊಸದಾಗಿ ಕಟ್ಟಲಿ, ಆ ಟೇಪಿನಿಂದಲೇ ಪರೀಕ್ಷೆ.

"ನಿಮ್ಮಮ್ಮನ ದನಿ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ. ಎಲ್ಲೋ ಒಂದು ಕೆಪಾಸಿಟರ್ ಕೈಕೊಡ್ತಿದೆ," ಎಂದು ಒಂದನ್ನು ಕಿತ್ತು ಇನ್ನೊಂದನ್ನು ಬೆಸೆದರು. ಹೊಗೆ ಎದ್ದಿತು. ಹಾಡು ಚುಚ್ಚುವಷ್ಟು ಹರಿತವಾಯಿತು.

"ಈಗ?"

"ಸಾಕು ಅಪ್ಪ. ಜಾಸ್ತಿನೇ ಆಯ್ತು." ಅಪ್ಪ ಮಗಳ ತುಟಿಯನ್ನೇ ನೋಡುತ್ತಿದ್ದರು.

"ಎಲ್ಲಿ ಜಾಸ್ತಿ? ಇನ್ನೂ ಸ್ವಲ್ಪ ಟ್ರೆಬಲ್ ಬೇಕು," ಎಂದು ತೆಳು, ಕೀರಲು ದನಿಗಳನ್ನು ಏರಿಸುವ ಗುಂಡಿ ತಿರುಗಿಸಿದರು.

ಅಪ್ಪ ಟೇಪು ನಿಲ್ಲಿಸಿ ಮತ್ತೆ ಬಗ್ಗಿದರು. ಆಗ ಅವಳ ಕೈಗಡಿಯಾರದ ಅಲಾರಂ ಹೊಡೆದುಕೊಂಡಿತು. ಕೈ ಅವರ ಕಿವಿಯಿಂದ ಗೇಣು ದೂರದಲ್ಲಿತ್ತು. ಅವರು ಕದಲಲಿಲ್ಲ. ಅವಳು ಅದನ್ನು ನಿಲ್ಲಿಸಲಿಲ್ಲ. ಕೂಗುವಷ್ಟು ಕೂಗಿ ಅದೇ ಸುಮ್ಮನಾಯಿತು. ಅಡುಗೆಮನೆಯಿಂದ ಅಮ್ಮ ಊಟಕ್ಕೆ ಕರೆದರು, ಎರಡು ಸಲ. ಮೂರನೆಯ ಸಲ ಕರೆಯಲಿಲ್ಲ; ಯಾವುದೋ ದೊಡ್ಡ ಪಾತ್ರೆ ನೆಲಕ್ಕೆ ಬಿತ್ತು. ಅಪ್ಪ ತಟ್ಟನೆ ತಲೆಯೆತ್ತಿದರು.

"ನಿಮ್ಮಮ್ಮನಿಗೆ ಏನಾಗಿದೆ? ಸುಮ್ಮಸುಮ್ಮನೆ ಪಾತ್ರೆ ಕುಕ್ತಾಳೆ. ಬಾಯಿಬಿಟ್ಟು ಕರೆದ್ರೆ ನಾನು ಬರಲ್ವಾ?"

ಆವತ್ತೇ ಹೇಳಬೇಕಿತ್ತು. ಆದರೆ ಎಲ್ಲೇ ದೋಷವಿದ್ದರೂ ಹುಡುಕಿ ತೆಗೆಯುತ್ತೇನೆಂದು ಬೆಸುಗೆಯ ಕಡ್ಡಿ ಹಿಡಿದು ಕೂತ ಮನುಷ್ಯನಿಗೆ, ದೋಷ ಮೇಜಿನ ಮೇಲಿಲ್ಲ ಅಪ್ಪ ಎಂದು ಹೇಗೆ ಹೇಳುವುದು? ಮುಂದಿನ ವಾರ ಹೇಳಿದರಾಯಿತು ಅಂದುಕೊಂಡಳು. ಮುಂದಿನ ವಾರ ಅಪ್ಪ ಮತ್ತೆ "ಈಗ?" ಎಂದರು. "ಚೆನ್ನಾಗಿದೆ," ಎಂದಳು. ಒಮ್ಮೆ ಹಾಗೆಂದ ಮೇಲೆ ಪ್ರತಿಸಲವೂ ಹಾಗೆನ್ನುವುದು ಸಲೀಸಾಯಿತು.

* * *

"ಬೇಡ ಅಂದ್ರೆ ಹೇಗಮ್ಮಾ? ಅವನು ಜೀವ ತೇಯ್ದಿದ್ದು ಇದಕ್ಕೇ," ಎಂದು ಮೈಕಣ್ಣ ಆಗಲೇ ತಂತಿ ಸಿಕ್ಕಿಸುತ್ತಿದ್ದರು.

"ಹಾಕ್ಲಿ ಬಿಡು," ಎಂದರು ಅಮ್ಮ. "ಅಂಥಾದ್ದೇನು ಕೇಳ್ತಿದ್ರು ಅಂತ ನಾನೂ ಕೇಳ್ತೀನಿ."

ಮೊದಲು ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು. ಆಮೇಲೆ ಹಾಡು. ಅದು ದನಿಯಾಗಿರಲಿಲ್ಲ, ತಗಡಿನ ಮೇಲೆ ಮೊಳೆ ಎಳೆದ ಹಾಗಿತ್ತು. ಒಂದೊಂದು 'ಸ'ಕಾರವೂ ಸೂಜಿಯಾಗಿ ಬಂದು ನಾಟುತ್ತಿತ್ತು. ಮಾವ ಎರಡೂ ಕಿವಿ ಮುಚ್ಚಿಕೊಂಡರು. ಪಕ್ಕದ ಮನೆಯವರು ಮುಖ ಕಿವುಚಿ ಎದ್ದು ಹೊರಗೆ ಹೋದರು.

ಅಮ್ಮ ಮಾತ್ರ ಕಿವಿ ಮುಚ್ಚಲಿಲ್ಲ. "ಇದು ನಾನಾ?" ಎಂದು ಮಗಳ ಮುಖ ನೋಡಿದರು. "ಇದು ಅವರಿಗೆ ಸರಿ ಅನ್ನಿಸ್ತಾ?"

ಮಗಳು ಅಮ್ಮನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕೂಗಿಯೇ ಹೇಳಬೇಕಾಯಿತು. "ಅವರಿಗೆ ಕಿವಿ ಹೋಗಿತ್ತಮ್ಮ. ಪಂಪಿನ ಸದ್ದಿಗೆ. ದಪ್ಪ ಸದ್ದು ಕೇಳೋದು. ನಿನ್ನ ದನಿ, ಗಡಿಯಾರದ ದನಿ, ಇಂಥಾದ್ದು ಯಾವುದೂ ಕೇಳ್ತಿರ್ಲಿಲ್ಲ. ಅವರಿಗೂ ಗೊತ್ತಿರ್ಲಿಲ್ಲ."

"ನಿನಗೆ?"

"ಆರು ವರ್ಷದಿಂದ ಗೊತ್ತು."

ಅಮ್ಮ ಅವಳನ್ನೇ ನೋಡಿದರು. ಬೈದಿದ್ದರೆ ಅವಳು ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಕೈಯೂರಿ ಎದ್ದು, ಅಪ್ಪನ ತಲೆಯ ಬಳಿ ಹೋಗಿ ಕೂತರು. ಬಗ್ಗಿ, ಅವರ ಕಿವಿಗೆ ಬಾಯಿ ಹಚ್ಚುವಷ್ಟು ಹತ್ತಿರ ಬಂದು, ಮಾತಾಡತೊಡಗಿದರು. ತುಟಿ ಆಡುತ್ತಲೇ ಇತ್ತು, ನಿಲ್ಲಿಸುವಂತೆ ಕಾಣಲಿಲ್ಲ. ಒಂದು ಮಾರು ದೂರದಲ್ಲಿದ್ದ ಮಗಳಿಗೆ ಆ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಆಂಪ್ಲಿಫೈಯರಿನ ಪಕ್ಕ ಕೂತ ಮೈಕಣ್ಣ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಎಷ್ಟು ತಿಳಿಯಾಗಿದೆ ನೋಡಿ," ಎಂದರು ಯಾರಿಗೋ, ಮತ್ತು ಕೈಚಾಚಿ ದನಿಯನ್ನು ಇನ್ನೊಂದಿಷ್ಟು ಏರಿಸಿದರು.